ಪ್ರಶ್ನೆಯೂ ನಮ್ಮದಾಗಲಿ

(ಹಾಸನದಲ್ಲಿ ಸೇರಿದ್ದ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಂದಿರುವ ಕನ್ನಡದ ಗೆಳೆಯರೇ,

ನಾನು ಪಿಯುಸಿಗೇ ಓದು ನಿಲ್ಲಿಸಿದವನು. ಸಂಶೋಧನೆಯ ವಿಚಾರ ಇವನಿಗೇಕೆ ಎನ್ನಬೇಡಿ. ಸಂಶೋಧಕರ ಫಾರಂಗಳು ಅಚ್ಚಾಗುವುದು ನನ್ನಂಥವರ ಪ್ರೆಸ್ಸಿನಲ್ಲೇ.

ಒಮ್ಮೆ ಆರೋಗ್ಯ ಸಮೀಕ್ಷೆಯ ಫಾರಂ ಬಂತು. ಮೇಲೆ ಇಂಗ್ಲಿಷು, ಕೆಳಗೆ ಯಾರಿಗೂ ಅರ್ಥವಾಗದ ಕನ್ನಡ. "ತಂಬಾಕು ಸೇವನೆ: ಹೌದು/ಇಲ್ಲ." ಬೈಂಡಿಂಗ್ ಕೆಲಸಕ್ಕಿದ್ದ ಅರಕಲಗೂಡು ಕಡೆಯ ಹುಡುಗ ಓದಿ ನಕ್ಕ. "ಅಣ್ಣಾ, ನಾನು ಬೀಡಿ ಮುಟ್ಟಿದವನಲ್ಲ. ಆದ್ರೆ ಒದ್ದೆ ಹೊಗೆಸೊಪ್ಪು ಮುರಿದ ದಿನ ತಲೆ ಸುತ್ತಿ ವಾಂತಿ ಆಗ್ತಿತ್ತು. ಅದನ್ನ ಇದ್ರಲ್ಲಿ ಎಲ್ಲಿ ಬರೀಲಿ?"

ಬರೆಯಲು ಜಾಗವೇ ಇರಲಿಲ್ಲ! ಹಸಿ ಎಲೆಯ ನಿಕೋಟಿನ್ ಚರ್ಮದಿಂದ ಮೈಗಿಳಿದು ಬರುವ ಕಾಯಿಲೆ ಅದು. ವೈದ್ಯರಿಗೆ ಗೊತ್ತಿರುವುದೇ. ಆದರೂ ಅವನ ಲೆಕ್ಕ "ಇಲ್ಲ" ಎಂಬ ಕಾಲಂಗೆ ಸೇರುತ್ತಿತ್ತು. ಪ್ರಶ್ನೆ ಬರೆಯುವಾಗ ಅಂಥವನನ್ನು ಯಾರೂ ಕರೆದಿರಲಿಲ್ಲ.

ಕರೆದರೆ ಏನಾಗುತ್ತದೆ? ಕುಂದಾಪುರದ ಕಡೆ ನೋಡಿ. ದುಡಿಯುವ ಮಕ್ಕಳೇ ಸೇರಿ 1990ರಲ್ಲಿ ಭೀಮ ಸಂಘ ಕಟ್ಟಿದರು. 1996ರಲ್ಲಿ ಹಲವು ದೇಶಗಳ ದುಡಿಯುವ ಮಕ್ಕಳು ಕುಂದಾಪುರದಲ್ಲೇ ಸಭೆ ಸೇರಿ, ನಮ್ಮ ವಿಚಾರ ತೀರ್ಮಾನಿಸುವ ಮುಂಚೆ ನಮ್ಮನ್ನು ಕೇಳಿ ಎಂದು ಘೋಷಿಸಿದರು. ಆ ಸೀಮೆಯ ಬಳ್ಕೂರಿನ ಮಕ್ಕಳು, ಯಾವ ಕೆಲಸ ನಮ್ಮ ಕೈಲಾಗುತ್ತದೆ, ಯಾವುದು ಆಗದು ಎಂದು ತಾವೇ ಅಧ್ಯಯನ ಮಾಡಿದರು. ಅದು ಪುಸ್ತಕವೂ ಆಯಿತು.

ವಿದ್ವಾಂಸರು ಬೇಡವೆಂದು ನಾನು ಹೇಳುತ್ತಿಲ್ಲ. ಎಣಿಸುವುದು, ತಾಳೆ ನೋಡುವುದು ಅವರಿಗೆ ಗೊತ್ತು. ಎಲ್ಲಿ ನೋಯುತ್ತದೆ ಎಂಬುದು ಅನುಭವಿಸಿದವನಿಗೆ ಗೊತ್ತು. ಇಬ್ಬರೂ ಒಂದೇ ಮೇಜಿಗೆ ಕೂರಲಿ.

ನಾಳೆ ನಿಮ್ಮನ್ನೂ ಫಾರಂ ತುಂಬಿಸಲು ಕರೆಯುತ್ತಾರೆ. ದಿನದ ಭತ್ಯೆಗೆ ತಲೆಯಾಡಿಸಬೇಡಿ. ಮೂರು ಮಾತು ಕೇಳಿ. ಪ್ರಶ್ನೆ ಬರೆಯುವ ದಿನವೇ ನಮ್ಮನ್ನು ಕೂರಿಸಿಕೊಳ್ಳುತ್ತೀರಾ, ಆ ದಿನಕ್ಕೂ ಸಂಬಳ ಕೊಡುತ್ತೀರಾ? ಪ್ರಶ್ನೆ ಮೊದಲು ಕನ್ನಡದಲ್ಲಿ ಹುಟ್ಟುತ್ತದೆಯೇ? ವರದಿಯನ್ನು ಕನ್ನಡದಲ್ಲಿ ಊರಿಗೆ ತಂದು ಓದಿ ಹೇಳುತ್ತೀರಾ, ಒಪ್ಪಿದವರ ಹೆಸರು ಅದರಲ್ಲಿರುತ್ತದೆಯೇ?

ಆ ಫಾರಮ್ಮನ್ನು ನಾನು ಇದ್ದ ಹಾಗೇ ಅಚ್ಚು ಹಾಕಿ ಕೊಟ್ಟೆ. ದುಡ್ಡು ಬಂತು, ಸುಮ್ಮನಾದೆ. ಅದು ನನ್ನ ತಪ್ಪು. ನೀವು ಸುಮ್ಮನಿರಬೇಡಿ. ಅಂಗಡಿ ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿದ ನಾವು, ನಮ್ಮ ಬಾಳಿನ ಬಗ್ಗೆ ಕೇಳುವ ಪ್ರಶ್ನೆಯಲ್ಲಿ ಕನ್ನಡ ಬೇಡವೆನ್ನಲಾದೀತೇ?

ಸಿರಿಗನ್ನಡಂ ಗೆಲ್ಗೆ!