ಬರೆಸಿಕೊಳ್ಳದ ಆರ್ಡರ್

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ಸ್ವಂತ ಉದ್ಯೋಗದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಗೆದ್ದ ಕಥೆ ಹೇಳಲು ಬೇರೆಯವರಿದ್ದಾರೆ. ನಾನು ಸೋತ ಒಂದು ವರ್ಷದ ಬಗ್ಗೆ ಹೇಳುತ್ತೇನೆ.

2006ರಲ್ಲಿ ಸೌದಿಯಿಂದ ಊರಿಗೆ ಮರಳಿ, ಉಳಿಸಿದ್ದ ಎರಡು ಲಕ್ಷದಲ್ಲಿ ಐದು ಹೊಲಿಗೆ ಮೆಷಿನ್ ಹಾಕಿ ಶಾಲಾ ಸಮವಸ್ತ್ರ ಹೊಲಿಯುವ ಘಟಕ ಶುರು ಮಾಡಿದೆ. ನಮ್ಮ ಜಮಾಅತಿನ ಐವರು ಸಹೋದರಿಯರಿಗೆ ಕೆಲಸವಾಯಿತು. ಮರುವರ್ಷ ಫೆಬ್ರವರಿಯಲ್ಲಿ ಪರಿಚಯದ ಶಾಲೆಯೊಂದರ ಆಡಳಿತದವರು, "220 ಮಕ್ಕಳು, ತಲಾ ಎರಡು ಜೊತೆ, ಜೂನ್‌ಗೆ ಬೇಕು" ಅಂದರು. ನಾನು ಇನ್ಶಾ ಅಲ್ಲಾಹ್ ಎಂದು ಕೈಕುಲುಕಿ ಬಂದೆ. ಅಡ್ವಾನ್ಸ್ ಇಲ್ಲ, ಒಂದು ಚೀಟಿಯೂ ಇಲ್ಲ. ಕೇಳಿದರೆ ಬೇಸರ ಮಾಡಿಕೊಂಡಾರು ಎಂಬ ದಾಕ್ಷಿಣ್ಯ.

ಮೇ ತಿಂಗಳಲ್ಲಿ ಆಡಳಿತ ಮಂಡಳಿ ಬದಲಾಯಿತು. ಹೊಸಬರು ಅಂಗಿಯ ಚೌಕುಳಿಯ ಬಣ್ಣವನ್ನೇ ಬದಲಿಸಿದರು. ಅಷ್ಟರಲ್ಲಿ 310 ಜೊತೆ ಹೊಲಿದಾಗಿತ್ತು. ವಿಚಾರಿಸಿದರೆ, "ನಮ್ಮ ಕಡತದಲ್ಲಿ ಏನೂ ಇಲ್ಲವಲ್ಲ" ಎಂದರು. ಅವರು ಸುಳ್ಳು ಹೇಳಲಿಲ್ಲ. ಕಡತದಲ್ಲಿ ನಿಜಕ್ಕೂ ಏನೂ ಇರಲಿಲ್ಲ! ಬಟ್ಟೆ, ಕೂಲಿ ಸೇರಿ 80 ಸಾವಿರ ರೂಪಾಯಿ. ಹೊಲಿದವರ ಕೂಲಿ ನಿಲ್ಲಿಸುವಂತಿರಲಿಲ್ಲ. ಮಡದಿಯ ಎರಡು ಬಳೆ ಮಾರಿ ಕೊಟ್ಟೆ.

ಬಟ್ಟೆ ಸಾಲ ಕೊಟ್ಟಿದ್ದ ಹಿರಿಯ ಹಾಜಿಯವರ ಅಂಗಡಿಗೆ ಹೋಗಿ ಅವಧಿ ಕೇಳಿದೆ. "ಅಲ್ಲ ಮೋನೇ, ಸೌದಿಯಲ್ಲಿ ಅಗ್ರಿಮೆಂಟ್ ಇಲ್ಲದೆ ಒಂದು ದಿನವಾದರೂ ದುಡಿದದ್ದುಂಟಾ?" ಎಂದರು. ನನ್ನ ಸಾಲದ ಪುಟ ತೆರೆದು ತೋರಿಸಿದರು. ತಾರೀಕು, ಮೀಟರ್, ದರ, ಕೆಳಗೆ ನನ್ನ ಸಹಿ. "ನಿನ್ನ ತಂದೆ ನನ್ನ ಸ್ನೇಹಿತ. ಆದರೂ ಬರೆಸಿದ್ದೇನೆ." ಆರು ತಿಂಗಳ ಅವಧಿ ಕೊಟ್ಟರು, ಅದನ್ನೂ ಬರೆದರು.

ಅಂದು ರಾತ್ರಿ ಸೂರಃ ಅಲ್ ಬಕರದ 282ನೇ ಆಯತ್ತನ್ನು ಕನ್ನಡ ಅನುವಾದದಲ್ಲಿ ಓದಿದೆ. ಕುರ್‌ಆನಿನ ಅತಿ ಉದ್ದದ ಆಯತ್ತು ಅದು. ತರಾವೀಹ್‌ನಲ್ಲಿ ಅದನ್ನು ಓದುವಾಗ ಹಿಂದಿನ ಸಾಲಿನಲ್ಲಿ ಕಾಲು ಬದಲಿಸುತ್ತಾ ನಿಲ್ಲುತ್ತಿದ್ದವರಲ್ಲಿ ನಾನೂ ಒಬ್ಬ. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ನ್ಯಾಯವಾಗಿ ಬರೆಯುವವನಿರಬೇಕು, ಹೊಣೆ ಹೊತ್ತವನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬೇಸರಿಸಬಾರದು. ಕೈಯಿಂದ ಕೈಗೆ ಮುಗಿಯುವ ವ್ಯಾಪಾರಕ್ಕೆ ಮಾತ್ರ ರಿಯಾಯಿತಿ. ನಾನು ದಾಕ್ಷಿಣ್ಯವನ್ನೇ ದೀನ್ ಎಂದುಕೊಂಡಿದ್ದೆ.

ದೇಶದ ಕಾನೂನೂ ಕೇಳುವುದು ಪುರಾವೆಯನ್ನೇ. 1872ರ ಕರಾರು ಕಾಯ್ದೆಯಡಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ, ಆದರೆ ರುಜುವಾತು ಮಾಡುವವರು ಯಾರು?

ಆ ಪ್ಯಾಂಟುಗಳು ಹೇಗೋ ಬೇರೆ ಕಡೆ ಮಾರಾಟವಾದವು. ಅಂಗಿಗಳನ್ನು ಸಂತೆಯಲ್ಲಿ 30 ರೂಪಾಯಿಗೆ ಕೊಟ್ಟೆ. ಮುಂದಿನ ವರ್ಷದಿಂದ ಒಂದು ಆರ್ಡರ್ ಫಾರ್ಮ್ ಮಾಡಿಕೊಂಡೆ. ಬಟ್ಟೆಯ ತುಂಡನ್ನು ಅದಕ್ಕೇ ಪಿನ್ ಮಾಡುವುದು, ಅಳತೆವಾರು ಸಂಖ್ಯೆ, ದರ, ತಾರೀಕು, ಶಾಲೆಯ ಮೊಹರು, ಅರ್ಧ ಹಣ ಮುಂಗಡ. ನಡುವೆ ಬದಲಿಸಿದರೆ ಕತ್ತರಿಸಿದ ಬಟ್ಟೆಯ ಹಣ ಅವರದ್ದು. ಎರಡು ಪ್ರತಿ. ಮೊದಲ ವರ್ಷವೇ ಒಬ್ಬರು, "ನಮ್ಮ ಮೇಲೆ ನಂಬಿಕೆ ಇಲ್ಲವೋ?" ಎಂದು ಸಿಟ್ಟಾಗಿ ಬೇರೆಯವರಿಗೆ ಆರ್ಡರ್ ಕೊಟ್ಟರು. 150 ಜೊತೆ ಕೈತಪ್ಪಿತು, ಬೇಸರವೂ ಆಯಿತು. ಮೂರು ವರ್ಷದ ನಂತರ ಅವರೇ ಬಂದು ಫಾರ್ಮ್ ಓದಿ ಸಹಿ ಹಾಕಿದರು.

ಆ ಫಾರ್ಮಿನ ಒಂದು ಪ್ರತಿಯನ್ನೂ ಅಂದಿನ ಚೌಕುಳಿ ಬಟ್ಟೆಯ ಒಂದು ತುಂಡನ್ನೂ ತಂದಿದ್ದೇನೆ. ಕಾರ್ಯಕ್ರಮದ ನಂತರ ಬೇಕಾದವರು ಬಂದು ನೋಡಬಹುದು.