ಅವ್ವನಿಗೆ ಓದಲು ಬಾರದ ಆಮಂತ್ರಣ ಯಾರಿಗಾಗಿ?

(ಕಾಲೇಜುಗಳ ವಾರ್ಷಿಕೋತ್ಸವದ ದಿನಗಳು ಹತ್ತಿರ ಬಂದಿರುವಾಗ ಕೊಪ್ಪಳದಲ್ಲಿ ವಿದ್ಯಾರ್ಥಿಗಳು ಹಾಗೂ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕುಳಿತವನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಓದಿದವನಲ್ಲ. ಆದರೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಈ ಸೀಮೆಯ ಕಾಲೇಜುಗಳಲ್ಲಿ ಏನು ನಡೆಯಲಿದೆ ಎಂಬುದು ನಮ್ಮಂಥ ಮುದ್ರಕರಿಗೆ ಎಲ್ಲರಿಗಿಂತ ಮೊದಲೇ ತಿಳಿಯುತ್ತದೆ. ಶಿವರಾತ್ರಿ ಹತ್ತಿರ ಬಂತೆಂದರೆ ಮದುವೆ ಕಾರ್ಡುಗಳ ನಡುವೆ ಕಾಲೇಜಿನ ಕಾರ್ಡುಗಳೂ ಬರತೊಡಗುತ್ತವೆ. ವಾರ್ಷಿಕೋತ್ಸವ, ಯುವಜನೋತ್ಸವ, ಎನ್ನೆಸ್ಸೆಸ್ ಶಿಬಿರದ ಸಮಾರೋಪ, ಬೀಳ್ಕೊಡುಗೆ, ಎಥ್ನಿಕ್ ಡೇ. ಯುಗಾದಿ ದಾಟುವವರೆಗೆ ಮಷಿನ್ನಿಗೆ ಬಿಡುವಿಲ್ಲ. ಗಿಡಗಳು ಚಿಗುರುವ ಕಾಲ, ಹುಡುಗರು ಹಾಡಿ ಕುಣಿಯುವ ಕಾಲ. ಸಂತೋಷ!

ಆದರೆ ಕಳೆದ ವರ್ಷ ಇದೇ ದಿನಗಳಲ್ಲಿ ನಡೆದದ್ದನ್ನು ಕೇಳಿರಿ. ಒಂದು ಕಾಲೇಜಿನವರು, ಹೆಸರು ಬೇಡ, ಆರು ನೂರು ಕಾರ್ಡಿಗೆ ಆರ್ಡರ್ ಕೊಟ್ಟರು. ಒಳಗೂ ಇಂಗ್ಲಿಷ್, ಹೊರಗೂ ಇಂಗ್ಲಿಷ್. ಹುಡುಕಿದರೂ ಕನ್ನಡದ ಒಂದು ಅಕ್ಷರವಿಲ್ಲ. ನಾನೂ ಬಾಯಿ ಮುಚ್ಚಿಕೊಂಡು ಅಚ್ಚು ಹಾಕಿದೆ. ತಪ್ಪು ಒಪ್ಪಿಕೊಳ್ಳಲೆಂದೇ ಇಲ್ಲಿ ನಿಂತಿದ್ದೇನೆ.

ನಮ್ಮ ಪ್ರೆಸ್ಸಿನಲ್ಲಿ ಕಾರ್ಡು ಮಡಚುವ, ಪುಸ್ತಕ ಹೊಲಿಯುವ ಒಬ್ಬ ತಾಯಿ ಇದ್ದಾರೆ. ನಾಲ್ಕನೇ ತರಗತಿವರೆಗೆ ಓದಿದವರು. ಬಿಡುವಾದಾಗ ಕೆಟ್ಟುಹೋದ ಹಾಳೆಗಳನ್ನೇ ಎತ್ತಿಕೊಂಡು ಕೂಡಿಸಿ ಕೂಡಿಸಿ ಓದುವ ಅಭ್ಯಾಸ. ಅಂದು ಸಂಜೆ ಆ ಆರು ನೂರು ಕಾರ್ಡು ಮಡಚಿ ಮುಗಿಸಿ, ಒಂದನ್ನು ಹಿಡಿದು ನನ್ನ ಟೇಬಲ್ಲಿನ ಹತ್ತಿರ ಬಂದರು.

"ಅಣ್ಣಾರ, ಇದು ನಮ್ಮ ಹುಡುಗಿ ಕಾಲೇಜಿಂದಂತ್ರಿ. ಆಕಿ ಹಾಡತಾಳಂತ. ಆಕಿ ಹೆಸರು ಎಲ್ಲೈತಿ ತೋರಸ್ರಿ."

ತೋರಿಸಿದೆ. ಆ ಹೆಸರಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೇಳಿದರು: "ನಾವೂ ಹೋಗಬೌದೇನ್ರಿ?"

ಕಾರ್ಡಿನ ಕೊನೆಯಲ್ಲಿ ಎಲ್ಲರಿಗೂ ಆದರದ ಸ್ವಾಗತ ಎಂದೇ ಇತ್ತು. ಇಂಗ್ಲಿಷಿನಲ್ಲಿತ್ತು! "ಹೋಗ್ರಿ ಯವ್ವಾ, ನಿಮಗಂತನ ಮಾಡ್ಯಾರ" ಎಂದೆ. ಅವರು ಕಾರ್ಡನ್ನು ಮತ್ತೊಮ್ಮೆ ತಿರುಗಿಸಿ ನೋಡಿ ಹೇಳಿದರು: "ನಮಗಂತ ಮಾಡಿದ್ರ ನಮಗ ತಿಳಿಯೂ ಹಂಗ ಬರೀತಿದ್ರಲ್ರಿ."

ಅವರು ಹೋಗಲಿಲ್ಲ. ಮಗಳು ಹಾಡಿದಳು, ಬಹುಮಾನವೂ ಬಂತು. ಅವ್ವ ಮಾತ್ರ ನಮ್ಮ ಪ್ರೆಸ್ಸಿನಲ್ಲಿ ಕುಳಿತು ಯಾರದೋ ಮದುವೆ ಕಾರ್ಡು ಮಡಚುತ್ತಿದ್ದಳು.

ಬಂಧುಗಳೇ, ಇದು ಒಂದು ಕಾಲೇಜಿನ ಕಥೆಯಲ್ಲ. ಒಬ್ಬ ತಾಯಿಯ ಸಂಕಟವೂ ಅಲ್ಲ. ಇದು ನಮ್ಮ ವಿಶ್ವವಿದ್ಯಾಲಯದ ಅಳಿವು ಉಳಿವಿನ ಪ್ರಶ್ನೆ. ಹೇಗೆ ಎಂದು ಹೇಳುತ್ತೇನೆ.

2022ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ವಿಶ್ವವಿದ್ಯಾಲಯಗಳಲ್ಲಿ ಕೊಪ್ಪಳದ್ದೂ ಒಂದು. ಅದಕ್ಕೂ ಮೊದಲು ನಮ್ಮ ಮಕ್ಕಳು ಕಲಬುರ್ಗಿ ನೋಡಬೇಕಿತ್ತು, ಆಮೇಲೆ ಬಳ್ಳಾರಿ ನೋಡಬೇಕಿತ್ತು. ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿ ನಮ್ಮದೇ ವಿಶ್ವವಿದ್ಯಾಲಯವಾಯಿತು ಎಂದು ಹಿಗ್ಗಿದೆವು. ಹಿಗ್ಗು ಬಹಳ ದಿನ ಉಳಿಯಲಿಲ್ಲ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯಿಂದ ಸುದ್ದಿ ಬಂತು. ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಆಲೋಚನೆ ಇದೆ, ಪಟ್ಟಿಯಲ್ಲಿ ಕೊಪ್ಪಳವೂ ಇದೆ! ಹಣವಿಲ್ಲ, ಸಿಬ್ಬಂದಿಯಿಲ್ಲ ಎಂಬ ಕಾರಣ. ಕೊಟ್ಟರೆ ತಾನೇ ಇರುವುದು?

ಆಗ ವಿದ್ಯಾರ್ಥಿಗಳು ಬೀದಿಗಿಳಿದರು, ಸಂಘಟನೆಗಳು ಇಳಿದವು. ಒಳ್ಳೆಯದು. ಆದರೆ ಆ ದಿನ ನನ್ನನ್ನು ನಾನೇ ಕೇಳಿಕೊಂಡೆ. ನಾಳೆ ಯಾರೋ ಗವಿಮಠದ ಜಾತ್ರೆ ನಿಲ್ಲಿಸುತ್ತೇವೆ ಎಂದರೆ ಏನಾದೀತು? ಕೊಪ್ಪಳವಷ್ಟೇ ಅಲ್ಲ, ಸುತ್ತಲ ಜಿಲ್ಲೆಗಳೇ ಎದ್ದು ನಿಲ್ಲುತ್ತವೆ. ಯಾಕೆ? ಆ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯ ತಾಯಂದಿರು ಜೋಳದ ರೊಟ್ಟಿ ಬಡಿದು ಕಳಿಸುತ್ತಾರೆ. ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬರುತ್ತವೆ. ರೊಟ್ಟಿ ಕೊಟ್ಟವರಿಗೆ ಜಾತ್ರೆ ತಮ್ಮದು. ಹಾಗಾದರೆ ವಿಶ್ವವಿದ್ಯಾಲಯ ಯಾರದು? ತಳಕಲ್ಲಿನ ರೈತನನ್ನು, ಯಲಬುರ್ಗಾದ ಕೂಲಿ ಹೆಣ್ಣುಮಗಳನ್ನು ಅದರೊಳಗೆ ಯಾರಾದರೂ ಕರೆದಿದ್ದಾರೆಯೇ? ಅವರು ತರಗತಿಗೆ ಬರುವವರಲ್ಲ, ಪ್ರಬಂಧ ಓದುವವರಲ್ಲ. ಅವರು ಆ ಗೇಟಿನೊಳಗೆ ಕಾಲಿಡಬಹುದಾದದ್ದು ಒಂದೇ ಸಂದರ್ಭದಲ್ಲಿ. ಹಾಡು, ನಾಟಕ, ಕುಣಿತ ನಡೆಯುವಾಗ, ಈ ವಸಂತದ ಕಾರ್ಯಕ್ರಮಗಳಲ್ಲಿ. ಆ ಒಂದು ಬಾಗಿಲಿಗೂ ಇಂಗ್ಲಿಷಿನ ಬೀಗ ಹಾಕಿದರೆ, ನಾಳೆ ವಿಶ್ವವಿದ್ಯಾಲಯಕ್ಕೆ ಬೀಗ ಬೀಳುವಾಗ ತಡೆಯಲು ಯಾರು ಬರುತ್ತಾರೆ?

ಈ ಸೀಮೆಗೆ ಹಾಡಿಗೂ ಸಭೆಗೂ ಬೀಗ ಬಿದ್ದಿದ್ದ ನೆನಪು ಇನ್ನೂ ಇದೆ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಆಡಳಿತದಲ್ಲಿದ್ದೆವು. ಗಸ್ತಿ ನಿಶಾನ್ 53 ಎಂಬ ಫರ್ಮಾನಿನಿಂದಾಗಿ ಸಭೆ ನಡೆಸಬೇಕಾದರೆ ಸರ್ಕಾರದ ಅಪ್ಪಣೆ ಬೇಕಿತ್ತು. 1918ರಲ್ಲಿ ಶುರುವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಮಾಧ್ಯಮ. ಅಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದ ಸಿದ್ದಯ್ಯ ಪುರಾಣಿಕರು ಅಲ್ಲಿ ಓದಿ ಬಂದರು, ಸರ್ಕಾರದ ದೊಡ್ಡ ಹುದ್ದೆಗಳಲ್ಲಿ ಕುಳಿತರು, ಆದರೆ ಕಾವ್ಯಾನಂದ ಎಂಬ ಹೆಸರಿನಲ್ಲಿ ಬರೆದದ್ದು ಕನ್ನಡದಲ್ಲಿ. ಅಪ್ಪಣೆ ಕೇಳಬೇಕಿದ್ದ ಕಾಲದಲ್ಲಿ ಅವರು ಕನ್ನಡ ಬಿಡಲಿಲ್ಲ. ಯಾರ ಅಪ್ಪಣೆಯೂ ಬೇಡದ ಈ ಕಾಲದಲ್ಲಿ ನಾವು ತಾವಾಗಿಯೇ ಬಿಡುತ್ತಿದ್ದೇವೆ! ನಾಚಿಕೆಯಾಗಬೇಕು.

ಕನ್ನಡದಲ್ಲಿ ಮಾಡಿದರೆ ಕಾರ್ಯಕ್ರಮದ ಮಟ್ಟ ಇಳಿಯುತ್ತದೆ ಎನ್ನುವವರಿದ್ದಾರೆ. ನದಿಯಾಚೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನೋಡಲಿ. 1991ರಲ್ಲಿ ಹುಟ್ಟಿದ ಸಂಸ್ಥೆ. ಬೇರೆಯವರು ಘಟಿಕೋತ್ಸವ ಎನ್ನುವುದನ್ನು ಅವರು ನುಡಿಹಬ್ಬ ಎಂದು ಕರೆದರು. ಬಯಲು ರಂಗಮಂದಿರದಲ್ಲಿ ನಡೆಸಿದರು. ನಾಡೋಜ ಪದವಿ ಕೊಟ್ಟರು. ಮಟ್ಟ ಇಳಿಯಿತೇ? ಇನ್ನೂ ದೂರ ಹೋಗಿ, ಬಂಗಾಳದ ಶಾಂತಿನಿಕೇತನ ನೋಡಲಿ. ರವೀಂದ್ರನಾಥ ಠಾಕೂರರು ಕಟ್ಟಿದ ಜಾಗ. ಹೋಳಿಯ ಹೊತ್ತಿನ ಅವರ ವಸಂತೋತ್ಸವದಲ್ಲಿ ಮಕ್ಕಳು ಹಳದಿ ಬಟ್ಟೆ ತೊಟ್ಟು ಬಂಗಾಳಿಯಲ್ಲೇ ಹಾಡುತ್ತಾರೆ. ಚಳಿಗಾಲದ ಪೌಷ ಮೇಳಕ್ಕೆ ಸುತ್ತಲ ಹಳ್ಳಿಗಳ ಬಾವುಲ್ ಹಾಡುಗಾರರು ಏಕತಾರಿ ಹಿಡಿದು ಬರುತ್ತಾರೆ. ಜಗತ್ತೇ ಅದನ್ನು ನೋಡಲು ಬಂತು. ಜಗತ್ತನ್ನು ಮೆಚ್ಚಿಸಲು ಠಾಕೂರರು ತಮ್ಮ ಊರಿನ ಹಾಡುಗಾರನನ್ನು ಗೇಟಿನ ಹೊರಗೆ ನಿಲ್ಲಿಸಲಿಲ್ಲ.

ನಮ್ಮಲ್ಲಿ ಏನು ಕಡಿಮೆ ಇದೆ? ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳುವ ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳ, ಒಂದು. 1993ರಲ್ಲಿ ಕೊಪ್ಪಳದಲ್ಲಿ, 2011ರಲ್ಲಿ ಗಂಗಾವತಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿದೆ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ವಯಸ್ಸಿನಲ್ಲಿ. ಕಿನ್ನಾಳದ ಬಣ್ಣದ ಗೊಂಬೆಗಳನ್ನು ದೇಶವೇ ಬಲ್ಲದು. ಗಂಗಾವತಿಯ ಪ್ರಾಣೇಶರು ನಾವು ಮನೆಯಲ್ಲಿ ಆಡುವ ಇದೇ ಮಾತಿನಲ್ಲಿ ನಗಿಸುತ್ತಾರೆ, ಕೇಳಲು ಸಭಾಂಗಣ ತುಂಬುತ್ತದೆ. ದೊಡ್ಡಾಟ, ಗೀಗೀ ಪದ, ಅಲಾಯಿ ಕುಣಿತ, ಹಲಗೆ ಎಲ್ಲ ಹಳ್ಳಿಗಳಲ್ಲಿ ಇನ್ನೂ ಉಸಿರಾಡುತ್ತಿವೆ.

ಇವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? ಬಿಸಿಲಲ್ಲಿ ಅತಿಥಿಗಳ ಮುಂದೆ ಮೆರವಣಿಗೆಯಲ್ಲಿ ಕುಣಿಸುತ್ತೇವೆ. ಅತಿಥಿಗಳು ವೇದಿಕೆ ಹತ್ತಿದ ಕೂಡಲೇ ಕಲಾವಿದರು ಗಿಡದ ಕೆಳಗೆ. ಸಂಜೆ ಡಿಜೆಗೆ ಕೊಡುವ ದುಡ್ಡಿನಲ್ಲಿ ಕಾಲು ಭಾಗವೂ ಇವರಿಗಿಲ್ಲ. ಇನ್ನು ಎಥ್ನಿಕ್ ಡೇ! ಹುಡುಗಿಯರು ಇಳಕಲ್ ಸೀರೆ ಉಟ್ಟು, ಹುಡುಗರು ಧೋತರ ಪಟಕ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ತಂಗೀ, ಆ ಸೀರೆಯನ್ನು ನಿನ್ನ ಅವ್ವ ದಿನಾ ಉಡುತ್ತಾಳೆ. ಆ ದಿನ ಅವಳನ್ನೂ ಕರೆದುಕೊಂಡು ಬಾ. ಸೀರೆ ಒಳಗೆ ಬರಬಹುದು, ಉಡುವವಳು ಬರಬಾರದೇ?

ನನಗೆ ಗೊತ್ತು, ಇಲ್ಲಿ ಕುಳಿತ ಹುಡುಗರು ಮನಸ್ಸಿನಲ್ಲಿ ಕೇಳುತ್ತಿದ್ದಾರೆ: ನಾವು ಡಿಜೆ ಹಾಕಬಾರದೇ, ಇಂಗ್ಲಿಷ್ ಹಾಡು ಹಾಡಬಾರದೇ? ಹಾಕಿರಿ, ಹಾಡಿರಿ, ನಿಮ್ಮ ವಯಸ್ಸು. ಗಂಗಾವತಿಯ ಕ್ಯಾಂಪುಗಳ ತೆಲುಗು ಮನೆಯ ಮಕ್ಕಳಿದ್ದಾರೆ, ಉರ್ದು ಮನೆಮಾತಿನವರಿದ್ದಾರೆ, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ. ಅವರ ಹಾಡೂ ಬರಲಿ, ಚಪ್ಪಾಳೆ ತಟ್ಟೋಣ. ಆದರೆ ಕರೆಯುವ ಮಾತು, ಸ್ವಾಗತಿಸುವ ಮಾತು, ನಿರೂಪಣೆಯ ಮಾತು, ವಂದಿಸುವ ಮಾತು ಕನ್ನಡವಾಗಿರಲಿ. ಎಲ್ಲರನ್ನೂ ಕೂಡಿಸುವ ಪಡಸಾಲೆ ಕನ್ನಡವೇ.

ಮಸಿ ಬಳಿಯೋಣ ಎಂದು ಕೆಲವು ಗೆಳೆಯರು ನನ್ನ ಬಳಿ ಬಂದಿದ್ದರು. ಅವರಿಗೆ ಕೈ ಮುಗಿದು ಹೇಳಿದೆ. ಮಸಿ ನಮ್ಮ ಕಸುಬು. ಬೋರ್ಡಿಗೆ ಬಳಿದ ಮಸಿ ಒಂದು ಮಳೆಗೆ ಹೋಗುತ್ತದೆ, ಪೊಲೀಸ್ ಕೇಸು ಮಾತ್ರ ವರ್ಷಗಟ್ಟಲೆ ಹುಡುಗರ ಹೆಗಲ ಮೇಲಿರುತ್ತದೆ. ಅದೇ ಮಸಿಯಲ್ಲಿ ಕನ್ನಡದ ಕಾರ್ಡು ಅಚ್ಚು ಹಾಕಿ ಊರೂರಿಗೆ ಹಂಚೋಣ.

ಹೀಗಾಗಿ ಈ ವಸಂತಕ್ಕೆ ನನ್ನವು ಐದು ಬೇಡಿಕೆಗಳು.

ಒಂದು, ವಿಶ್ವವಿದ್ಯಾಲಯದ, ಅದಕ್ಕೆ ಸೇರಿದ ಕಾಲೇಜುಗಳ ಪ್ರತಿ ಆಮಂತ್ರಣ ಮೊದಲು ಕನ್ನಡದಲ್ಲಿರಲಿ. ಬೇರೆ ಭಾಷೆ ಬೇಕಿದ್ದರೆ ಅದರ ಕೆಳಗೆ.

ಎರಡು, ಸುತ್ತಲ ಹಳ್ಳಿಗಳ ಪಂಚಾಯ್ತಿಗೆ, ಶಾಲೆಗೆ, ಮಹಿಳಾ ಸಂಘಗಳಿಗೆ ಕಾರ್ಡು ಮುಟ್ಟಲಿ. ಗೇಟಿನಲ್ಲಿ ಗುರುತಿನ ಚೀಟಿ ಕೇಳದ ಒಂದು ದಿನವಾದರೂ ಇರಲಿ.

ಮೂರು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಒಂದೊಂದು ಸೀಮೆಯ ಕಲೆಗೂ ವೇದಿಕೆಯ ಮೇಲೆ ಒಂದೊಂದು ತಾಸು ಕೊಡಲಿ. ಕಲಾವಿದರಿಗೆ ಕುರ್ಚಿ, ಮೈಕು, ಊಟ ಮತ್ತು ಅದೇ ದಿನ ಕೈಗೆ ಸಂಭಾವನೆ.

ನಾಲ್ಕು, ಕೊನೆಯ ಬಸ್ಸಿಗೆ ಮೊದಲು ಕಾರ್ಯಕ್ರಮ ಮುಗಿಯಲಿ. 2025ರ ಮೇ ತಿಂಗಳಲ್ಲಿ ತಳಕಲ್ಲಿನಿಂದ ಕುಕನೂರು, ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಗೆ ರೈಲು ಶುರುವಾಗಿದೆ. ಆ ವೇಳೆ ನೋಡಿ ಕಾರ್ಯಕ್ರಮ ಹಾಕಿದರೆ ಹಳ್ಳಿಯ ಹೆಣ್ಣುಮಕ್ಕಳು ಅಂಜಿಕೆಯಿಲ್ಲದೆ ಭಾಗವಹಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಮುಗಿಯುವ ಕಾರ್ಯಕ್ರಮ ಹಾಸ್ಟೆಲ್ಲಿನವರಿಗೆ ಮಾತ್ರ.

ಐದನೆಯದು ನನಗೇ ನಾನು ಹಾಕಿಕೊಂಡದ್ದು. ಇನ್ನು ಮುಂದೆ ನಮ್ಮ ಪ್ರೆಸ್ಸಿನಿಂದ ಕನ್ನಡವಿಲ್ಲದ ಕಾಲೇಜು ಕಾರ್ಡು ಹೊರಬೀಳುವುದಿಲ್ಲ. ಕನ್ನಡದ ಅನುವಾದ, ಕರಡು ತಿದ್ದುವುದು, ಅಕ್ಷರ ಜೋಡಿಸುವುದು ಎಲ್ಲ ಉಚಿತ. ಕನ್ನಡ ಬೇಡ ಎನ್ನುವವರು ಬೇರೆ ಪ್ರೆಸ್ಸಿಗೆ ಹೋಗಬಹುದು. ಈಗಾಗಲೇ ಒಬ್ಬರು ಹೋಗಿಯೂ ಆಗಿದೆ. ನಷ್ಟ ನನ್ನದು, ಇರಲಿ. ಆ ತಾಯಿಯ ಮುಂದೆ ತಲೆ ತಗ್ಗಿಸಿ ನಿಲ್ಲುವುದಕ್ಕಿಂತ ಇದು ಎಷ್ಟೋ ವಾಸಿ.

ಮೊನ್ನೆ ಈ ವರ್ಷದ ಮೊದಲ ಕಾಲೇಜು ಕಾರ್ಡು ಬಂತು. ನಾನು ಕೇಳುವ ಮೊದಲೇ ಹುಡುಗರು ಕನ್ನಡದಲ್ಲಿ ಬರೆದು ತಂದಿದ್ದರು. ಕಾಗುಣಿತದ ತಪ್ಪುಗಳಿದ್ದವು, ತಿದ್ದಿದೆ. ಮಡಚಲು ಕುಳಿತ ಆ ತಾಯಿ ಮೊದಲ ಕಾರ್ಡನ್ನು ಮಡಚುವುದನ್ನೇ ಬಿಟ್ಟು ಗಟ್ಟಿಯಾಗಿ ಓದಿದರು, ಅಧ್ಯಕ್ಷರ ಹೆಸರಿನಿಂದ ಹಿಡಿದು ಕೆಳಗಿನ ಸಾಲಿನವರೆಗೆ. ಕೊನೆಯ ಸಾಲಿಗೆ ಬಂದು ತಲೆ ಎತ್ತಿ ಕೇಳಿದರು: "ಅಣ್ಣಾರ, ಅವತ್ತು ನನಗ ರಜಾ ಕೊಡತೀರೇನ್ರಿ?"

ಕೊಟ್ಟಿದ್ದೇನೆ. ಅವರು ಬರುತ್ತಾರೆ. ವಿದ್ಯಾರ್ಥಿ ಮಿತ್ರರೇ, ಅವರಿಗೊಂದು ಕುರ್ಚಿ ಹಿಡಿದಿಡಿರಿ. ಮುಂದಿನ ಸಾಲಿನಲ್ಲಿ.

ಸಿರಿಗನ್ನಡಂ ಗೆಲ್ಗೆ!