ಕೊನೆಯ ಸಾಲಿಗಾಗಿ ಮೂರು ತಂತಿ

(ಆಕಾಶವಾಣಿ ಭಾಷಣ)

ನಾನು ಹುಡುಗನಾಗಿದ್ದಾಗ ಹೊನ್ನಾಳಿಯಲ್ಲಿ ರಾಮೋತ್ಸವದ ಚಪ್ಪರದ ಕೆಳಗೆ ಒಂದು ಸಂಗೀತ ಕಛೇರಿಯನ್ನು ಕೇಳಲು ಕುಳಿತಿದ್ದೆ. ಪಲ್ಲವಿ ಆರಂಭವಾಗುವ ಹೊತ್ತಿಗೆ ವಿದ್ಯುತ್ತು ಹೋಗಿ ಧ್ವನಿವರ್ಧಕ ಮೂಕವಾಯಿತು. ಗಾಯಕರು ಧೃತಿಗೆಡದೆ ಹಾಡುತ್ತಲೇ ಇದ್ದರು, ಮೃದಂಗವೂ ಕೇಳಿಸುತ್ತಿತ್ತು, ಪಿಟೀಲು ಮಾತ್ರ ಇದ್ದಕ್ಕಿದ್ದಂತೆ ಮಾಯವಾಗಿಬಿಟ್ಟಿತು. ಲಾಂದ್ರದ ಬೆಳಕಿನಲ್ಲಿ ಕಮಾನು ಓಡಾಡುವುದನ್ನು ಕಂಡೆವೇ ಹೊರತು ಅದರ ನಾದ ನಾವು ಕುಳಿತಿದ್ದ ಹಿಂದಿನ ಚಾಪೆಯವರೆಗೆ ಬರಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಲ್ಲನೆ, "ಚೌಡಯ್ಯನವರಾಗಿದ್ದರೆ ಇಲ್ಲಿಗೂ ಕೇಳಿಸುತ್ತಿತ್ತು" ಎಂದರು. ಆ ಮಾತಿನ ತಾತ್ಪರ್ಯ ನನಗೆ ತಿಳಿದುದು ಬಹಳ ವರ್ಷಗಳ ಮೇಲೆ.

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ 1910ರಿಂದ 1918ರವರೆಗೆ ಗುರುಕುಲವಾಸ ಮಾಡಿದರು. ಆ ಕಾಲದ ಶಿಕ್ಷಣವೆಂದರೆ ವಿದ್ಯೆಯಷ್ಟೇ ಸೇವೆ, ಸೇವೆಯಷ್ಟೇ ಸಾಧನೆ. ಅದರಿಂದ ಪಳಗಿ ಬಂದ ಕೈ ನಾಲ್ಕು ತಂತಿಯ ಪಿಟೀಲಿನ ಮೇಲೆ ಪೂರ್ಣ ಪ್ರಭುತ್ವವನ್ನು ಪಡೆದಿತ್ತು. ಅಷ್ಟಕ್ಕೇ ತೃಪ್ತರಾಗಿದ್ದರೆ ಅವರು ಒಬ್ಬ ದೊಡ್ಡ ಪಕ್ಕವಾದ್ಯಗಾರರೆಂಬ ಕೀರ್ತಿಗೆ ಏನೂ ಕೊರತೆಯಾಗುತ್ತಿರಲಿಲ್ಲ.

ಆದರೆ ಅವರನ್ನು ಒಂದು ಚಿಂತೆ ಕಾಡುತ್ತಿತ್ತು. ಧ್ವನಿವರ್ಧಕವಿಲ್ಲದ ದಿನಗಳವು. ಕಂಚಿನ ಕಂಠದ ಗಾಯಕರು ಹೇಗೋ ಸಭೆಯನ್ನು ತುಂಬಬಲ್ಲರು. ಚರ್ಮವಾದ್ಯದ ಘಾತಕ್ಕೂ ತಕ್ಕಮಟ್ಟಿನ ದೂರ ಸಾಗುವ ಶಕ್ತಿಯುಂಟು. ಇವೆರಡರ ನಡುವೆ ಪಿಟೀಲಿನ ಸಣ್ಣ ದನಿ ಮುಂದಿನ ನಾಲ್ಕಾರು ಸಾಲುಗಳಲ್ಲೇ ಕರಗಿಹೋಗುತ್ತಿತ್ತು. ಹಿಂದೆ ಕುಳಿತವನು ಕೇಳುತ್ತಿದ್ದುದು ಅರ್ಧ ಕಛೇರಿ. ವಿದ್ವಾಂಸರಿಗೂ ಶ್ರೋತೃವಿಗೂ ನಡುವಣ ಈ ಕಂದಕವನ್ನು ಹೇಗಾದರೂ ಮುಚ್ಚಬೇಕೆಂಬ ತವಕದಿಂದ ಚೌಡಯ್ಯನವರು ತಮ್ಮ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರು. 1927ರ ವೇಳೆಗೆ ಅವರು ಕಛೇರಿಗಳಲ್ಲಿ ಏಳು ತಂತಿಯ ಪಿಟೀಲನ್ನು ನುಡಿಸತೊಡಗಿದ್ದರು.

ಹೇಳಿದಷ್ಟು ಸುಲಭದ ಕೆಲಸ ಇದಲ್ಲ. ಮೂರು ತಂತಿಗಳ ಬಿಗಿತ ಹೆಚ್ಚಿದಾಗ ಅದರ ಭಾರವೆಲ್ಲ ಕುದುರೆಯ ಮೇಲೂ ತೆಳುವಾದ ಮೇಲ್ಪಲಗೆಯ ಮೇಲೂ ಬೀಳುತ್ತದೆ. ಜೋಡಿ ತಂತಿಗಳನ್ನು ಎಡಗೈಯ ಒಂದೇ ಬೆರಳು ಸಮವಾಗಿ ಒತ್ತಬೇಕು. ಬಲಗೈಯ ಕಮಾನು ಎರಡರ ಮೇಲೂ ಸಮವಾಗಿ ಹರಿಯಬೇಕು. ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಎರಡು ದನಿಗಳು ಒಂದರೊಡನೊಂದು ಜಗಳವಾಡುತ್ತವೆ. ಗಮಕವೇ ಪ್ರಾಣವಾಗಿರುವ ನಮ್ಮ ಸಂಗೀತದಲ್ಲಿ, ಬೆರಳು ಒಂದೆಡೆ ನಿಲ್ಲದೆ ಸದಾ ಜಾರುತ್ತಿರುವಾಗ, ಈ ಕಷ್ಟ ಇಮ್ಮಡಿಯಾಗುತ್ತದೆ. ಎಂದರೆ, ಕೊನೆಯ ಸಾಲಿನವನ ಸುಖಕ್ಕಾಗಿ ಚೌಡಯ್ಯನವರು ತಮ್ಮ ಕಷ್ಟವನ್ನು ತಾವೇ ಹೆಚ್ಚಿಸಿಕೊಂಡರು.

ಇದು ಸಂಪ್ರದಾಯಕ್ಕೆ ಸಲ್ಲುವುದೇ ಎಂದು ಕೇಳುವವರುಂಟು. ಪಿಟೀಲೇ ನಮ್ಮ ಸಂಪ್ರದಾಯಕ್ಕೆ ಬಂದುದು ನಿನ್ನೆ ಮೊನ್ನೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರಂಥವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಪಳಗಿಸಿಕೊಂಡರು. ಪಶ್ಚಿಮದವರು ಗದ್ದಕ್ಕೆ ಆನಿಸಿ ನುಡಿಸುವ ವಾದ್ಯವನ್ನು ನಾವು ಚಕ್ಕಳಮಕ್ಕಳ ಕುಳಿತು, ಅದರ ತಲೆಯನ್ನು ಪಾದದ ಮೇಲಿಟ್ಟು ನಮ್ಮದಾಗಿ ಮಾಡಿಕೊಂಡೆವು. ತಂತಿಯ ನಾದವೂ ನಮ್ಮ ನಾಡಿಗೆ ಹೊಸದಲ್ಲ. ಮನೆಯ ಬಾಗಿಲಿಗೆ ಬಂದು ಅರ್ಜುನ ಜೋಗಿಯ ಹಾಡು ಹೇಳುವ ಕಿಂದರಿಜೋಗಿಯ ಕೈಯಲ್ಲಿರುವುದೂ ತಂತಿಯ ವಾದ್ಯವೇ. ಕೊಂಬೆ ಚಿಗುರಿದರೆ ಮರಕ್ಕೆ ದ್ರೋಹವಾಗುವುದಿಲ್ಲ.

ಮುಂದೆ ಧ್ವನಿವರ್ಧಕ ಬಂದಿತು. ಕೆಲವೇ ವರ್ಷಗಳಲ್ಲಿ ಪ್ರತಿಯೊಂದು ಸಭೆಯ ವೇದಿಕೆಯನ್ನೂ ಆಕ್ರಮಿಸಿತು. ಮೂರು ತಂತಿ ಹೆಚ್ಚಾಗಲು ಇದ್ದ ಕಾರಣವೇ ಇಲ್ಲವಾಯಿತಲ್ಲವೆ? ಆದರೂ ಚೌಡಯ್ಯನವರು ಏಳು ತಂತಿಗಳನ್ನು ಬಿಡಲಿಲ್ಲ. ಅವರೇ ನಿರ್ಮಿಸಿದ, 1943ರಲ್ಲಿ ತೆರೆಕಂಡ 'ವಾಣಿ' ಚಿತ್ರದಲ್ಲಿ ಚೆಂಬೈ ವೈದ್ಯನಾಥ ಭಾಗವತರ ಗಾಯನಕ್ಕೆ ಚೌಡಯ್ಯನವರು ಪಿಟೀಲನ್ನೂ ಪಾಲ್ಘಾಟ್ ಮಣಿ ಅಯ್ಯರ್ ಮೃದಂಗವನ್ನೂ ನುಡಿಸಿದ ಕಛೇರಿಯ ದೃಶ್ಯವಿದೆ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ 'ಸಂಗೀತ ಕಲಾನಿಧಿ' ಬಿರುದನ್ನಿತ್ತಿತು. ಧ್ವನಿವರ್ಧಕದ ಯುಗದಲ್ಲಿಯೂ ಅವರ ಹೆಸರಿನೊಡನೆ ಏಳು ತಂತಿ ಉಳಿದೇ ಇತ್ತು. ಏಕೆ?

ಇದಕ್ಕೆ ಒಂದು ಉತ್ತರ ದೂರದ ಐರ್ಲೆಂಡಿನಿಂದ ದೊರೆಯುತ್ತದೆ. ಅಲ್ಲಿಯೂ ಪಿಟೀಲು ಜನಪದದ ಒಡನಾಡಿ. ಹಳ್ಳಿಯ ಅಡುಗೆಮನೆಗಳಲ್ಲಿ ಕುಣಿತಕ್ಕೆ ಜೊತೆಗೊಟ್ಟು ಬೆಳೆದ ವಾದ್ಯ. ಆ ಪರಂಪರೆಯಲ್ಲೇ ಬಂದ ನಮ್ಮ ಕಾಲದ ಕಲಾವಿದ, ಡಬ್ಲಿನ್ನಿನ ಕ್ವೀವಿನ್ ಓ ರಾಹಲಿ, ಹತ್ತು ತಂತಿಗಳ ವಾದ್ಯವನ್ನು ನುಡಿಸುತ್ತಾನೆ. ಐದರ ಮೇಲೆ ಕಮಾನು ಆಡುತ್ತದೆ. ಇನ್ನೈದು ಕೆಳಗೆ ಅಡಗಿದ್ದು, ಮೇಲಿನವುಗಳ ನಾದಕ್ಕೆ ತಾವಾಗಿಯೇ ಅನುರಣಿಸುತ್ತವೆ. ನಾರ್ವೆ ದೇಶದ ಜಾನಪದ ಪಿಟೀಲಿನ ಗುಣವನ್ನು ಬೆರೆಸಿ ಮಾಡಿದ ವಾದ್ಯ ಅದು. ಧ್ವನಿಯನ್ನು ಎಷ್ಟು ಬೇಕಾದರೂ ಹಿಗ್ಗಿಸಬಲ್ಲ ಯಂತ್ರಗಳು ಸುತ್ತಲೂ ಇರುವಾಗ ಅವನಿಗೆ ಹೆಚ್ಚಿನ ತಂತಿ ಬೇಕಾದುದು ಗಟ್ಟಿತನಕ್ಕಲ್ಲ, ನಾದದ ಆಳಕ್ಕೆ. ಚೌಡಯ್ಯನವರ ವಿಷಯದಲ್ಲಿಯೂ ಹೀಗೆಯೇ ಆಗಿರಬೇಕೆಂದು ನನ್ನ ಊಹೆ. ಅವರು ಹೊರಟದ್ದು ದೂರವನ್ನು ದಾಟಲು. ದಾರಿಯಲ್ಲಿ ದೊರೆತದ್ದು ಗಾಂಭೀರ್ಯ. ಮೊದಲಿನ ಅಗತ್ಯ ತೀರಿದ ಮೇಲೂ ಎರಡನೆಯದು ಅವರ ಕೈ ಬಿಡಲಿಲ್ಲ.

ಅವರ ಅನಂತರ ಆ ವಾದ್ಯವನ್ನು ಹಿಡಿದವರು ವಿರಳ. ಅವರು 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಕೆ. ಕೆ. ಮೂರ್ತಿಯವರು ಕಟ್ಟಿಸಿ 1980ರಲ್ಲಿ ತೆರೆದ ಸ್ಮಾರಕ ಭವನ ಏಳು ತಂತಿಯ ಪಿಟೀಲಿನ ಆಕಾರದಲ್ಲೇ ಇದೆ. ವಾದ್ಯ ಕೈಗಳಿಂದ ಜಾರಿ ಕಟ್ಟಡವಾಗಿ ನಿಂತಿತೆಂದು ಕೊರಗುವವರುಂಟು. ನನಗೆ ಕೊರಗಿರುವುದು ಬೇರೆಯದಕ್ಕೆ. ಯಂತ್ರ ಬಂದ ಮೇಲೆ ಕೊನೆಯ ಸಾಲಿನ ಹೊಣೆ ಕಲಾವಿದನದಾಗಿ ಉಳಿಯಲಿಲ್ಲ. ಹಿಂದೆ ಕುಳಿತವನಿಗೆ ಕೇಳಿಸುತ್ತಿದೆಯೇ ಎಂದು ವೇದಿಕೆಯಿಂದ ಕತ್ತೆತ್ತಿ ನೋಡುವ ಕಣ್ಣು ಅಪರೂಪವಾಯಿತು.

ಸಂಗೀತದ ಸಭೆಯಲ್ಲಿ ಮೈಸೂರು ಬೆಂಗಳೂರುಗಳು ಮುಂದಿನ ಸಾಲಿನ ಊರುಗಳು. ಅಡಿಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಅದರ ನೆರೆಯ ನ್ಯಾಮತಿ, ಮಳೆಯ ಹಾದಿ ಕಾಯುವ ಜಗಳೂರು ಎಲ್ಲವೂ ಹಿಂದಿನ ಚಾಪೆಯವು. ಇಲ್ಲಿ ಕುಳಿತವನಿಗೂ ಕೇಳಬೇಕೆಂದು ಒಬ್ಬ ವಿದ್ವಾಂಸ ತನ್ನ ಬೆರಳುಗಳ ನೋವನ್ನು ಲೆಕ್ಕಿಸದೆ ಮೂರು ತಂತಿ ಬಿಗಿದ. ಅಂದು ಕತ್ತಲೆಯ ಚಪ್ಪರದಲ್ಲಿ ಆ ಹಿರಿಯರು ನೆನೆದದ್ದು ವಾದ್ಯವನ್ನಲ್ಲ, ಆ ಕಾಳಜಿಯನ್ನು.